ಒಮ್ಮೆ ಮಲೇರಿಯಾ ಬಂದರೆ ಮತ್ತೆ ಬರಲ್ವಾ?

ಒಮ್ಮೆ ಮಲೇರಿಯಾ ಬಂದು ಹೋದರೆ ಮತ್ತೆ ಬರಲ್ಲ ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅದು ತಪ್ಪು. ಹಾಗನ್ನಿಸುವುದು ಸಹಜ ಬಿಡಿ, ದಡಾರ ಒಮ್ಮೆ ಬಂದವರಿಗೆ ಮತ್ತೆ ಬರೋದು ತೀರಾ ಅಪರೂಪ ಅಲ್ವಾ?

ಮಲೇರಿಯಾ ರೋಗಾಣು ಹಾಗಲ್ಲ, ಅದು ವೇಷ ಬದಲಿಸುತ್ತದೆ. ಫಾಲ್ಸಿಪ್ಯಾರಮ್ ಬಗೆಯಲ್ಲಿ ಇದಕ್ಕೆಂದೇ ಸುಮಾರು 60 ಜೀನ್‌ಗಳಿವೆ. ದೇಹ ಒಂದು ವೇಷ ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ತಯಾರು.

ಸಂದೇಶದಲ್ಲಿ ಒಂದು ಎಳೆ ನಿಜವೂ ಇದೆ. ಆಫ್ರಿಕಾದ ಹಲವು ಊರುಗಳಲ್ಲಿ ವರ್ಷಗಟ್ಟಲೆ ಮತ್ತೆ ಮತ್ತೆ ಸೋಂಕು ತಗುಲಿದ ದೊಡ್ಡವರಿಗೆ ಜ್ವರ ಜೋರಾಗುವುದಿಲ್ಲ. ಆದರೂ ರಕ್ತದಲ್ಲಿ ರೋಗಾಣು ಇರಬಹುದು. ಆ ರಕ್ಷಣೆ ಬರುವ ಮೊದಲೇ ಎಷ್ಟೋ ಮಕ್ಕಳು ಹೋಗಿಬಿಡುತ್ತಾರೆ. ಅಲ್ಲಿ ಮಲೇರಿಯಾದಿಂದ ಸಾಯುವವರಲ್ಲಿ 5 ವರ್ಷದೊಳಗಿನವರೇ ಜಾಸ್ತಿ. ಊರು ಬಿಟ್ಟು ಕೆಲವು ವರ್ಷ ಹೊರಗಿದ್ದರೆ ಇದ್ದ ರಕ್ಷಣೆಯೂ ಕರಗುತ್ತದೆ.

ನಮ್ಮ ಕಡೆ ಕಾಣುವ ವೈವಾಕ್ಸ್ ಬಗೆ ಲಿವರ್‌ನಲ್ಲಿ ಅಡಗಿದ್ದು, ತಿಂಗಳುಗಳ ನಂತರವೂ ಏಳಬಲ್ಲದು.

ಇಂಥ ಸಂದೇಶ ನಿಜವಾ ಅಂತ ಪರೀಕ್ಷಿಸೋದು ಸುಲಭ. ಇದು ಯಾವ ಊರಿನ, ಯಾವ ವಯಸ್ಸಿನವರ ಮಾತು ಅಂತ ಮೊದಲು ಕೇಳಿ. ಮಂಗಳೂರಿನ ನೆಂಟರಿದ್ದರೆ ವಿಚಾರಿಸಿ, ಎರಡೆರಡು ಸಲ ಮಲೇರಿಯಾ ಬಂದು ಮಲಗಿದವರು ಸಿಕ್ಕಾರು. ಹತ್ತಿರದ ಆರೋಗ್ಯ ಕೇಂದ್ರದಲ್ಲೂ ಕೇಳಬಹುದು.