ಉದ್ದೇಶ: ಇತರೆ

ದಾವಣಗೆರೆಯಲ್ಲಿ ಸಾಲಕ್ಕೆ ಬರವಿಲ್ಲ. ಟ್ರ್ಯಾಕ್ಟರಿಗೆ ಸಾಲ, ಬೋರ್‌ವೆಲ್ಲಿಗೆ ಸಾಲ, ಎಮ್ಮೆಗೆ ಸಾಲ, ಎಮ್ಮೆ ಸತ್ತರೆ ವಿಮೆ. ಮದುವೆಗೆ ಪರ್ಸನಲ್ ಲೋನು, ಆ ಮದುವೆಯಿಂದ ಹುಟ್ಟಿದ ಕೂಸಿನ ಎಲ್‌ಕೆಜಿ ಫೀಜಿಗೂ ಕಂತು. ಬೇರೆಲ್ಲೋ ಹುಟ್ಟಿ ಮನೆಗೆ ಬರುವ ಕೂಸು ಮಾತ್ರ ಅರ್ಜಿ ಫಾರಂ ಬರೆದವರಿಗೆ ನೆನಪಾಗಲಿಲ್ಲ.

ಪಿ.ಜೆ. ಬಡಾವಣೆಯ ಯಜಮಾನರೊಬ್ಬರನ್ನು ಊಹಿಸಿಕೊಳ್ಳಿ. ಮಗ-ಸೊಸೆ ಟೆಕ್ಸಾಸಿನಲ್ಲಿದ್ದಾರೆ, ಇಬ್ಬರೂ ಈಗ ಅಮೆರಿಕದ ಪೌರರು. ಭಾರತದಿಂದ ಮಗು ದತ್ತು ತಗೊಳ್ಳಬೇಕೆಂದು ಹಣ ಹೊಂದಿಸುತ್ತಿದ್ದಾರೆ. ನಮ್ಮದೂ ಒಂದು ಕೈ ಇರಲಿ ಅಂತ ಯಜಮಾನರು ಬ್ಯಾಂಕಿಗೆ ಹೋದರು. ಫಾರಂನಲ್ಲಿ ‘ಸಾಲದ ಉದ್ದೇಶ’ದ ಮುಂದೆ ಐದು ಚೌಕ: ಮದುವೆ, ವೈದ್ಯಕೀಯ, ಪ್ರವಾಸ, ಮನೆ ದುರಸ್ತಿ, ಇತರೆ. ಪೆನ್ನು ‘ಇತರೆ’ಯ ಮೇಲೆ ಹೋಗುವಷ್ಟರಲ್ಲಿ ಅಧಿಕಾರಿ ತಡೆದರು. “ಇತರೆ ಹಾಕಿದ್ರೆ ಮೇಲಿಂದ ಪ್ರಶ್ನೆ ಬರ್ತಾವೆ ಸಾರ್. ಹೆಂಗೂ ಅವರು ವಿಮಾನದಾಗೆ ಬರೋದೇ ಅಲ್ವಾ? ಪ್ರವಾಸಕ್ಕೆ ಟಿಕ್ ಹಾಕಿ.”

ಹಾಕಿದರು.

ಅಷ್ಟರಲ್ಲಿ ಮನೆಯಲ್ಲಿ ಬಂಧುಗಳ ಸಭೆ ಕೂತಿತ್ತು. ಮೊದಲು ಎದ್ದವರು ಮಂಡಿಪೇಟೆಯ ದೊಡ್ಡಪ್ಪ. ಊರಲ್ಲೇ ಇರುವ ದಂಪತಿಗೆ ದತ್ತಿನ ಖರ್ಚೆಷ್ಟು ಅಂತ ಅವರು ವಿಚಾರಿಸಿಕೊಂಡೇ ಬಂದಿದ್ದರು: ನೋಂದಣಿ, ಗೃಹ ಅಧ್ಯಯನಕ್ಕೆ (ಅಂದರೆ ಮನೆಗೆ ಬಂದು ದಂಪತಿಯ ಸ್ಥಿತಿಗತಿ ನೋಡಿ ವರದಿ ಬರೆಯುವುದಕ್ಕೆ) 6,000 ರೂಪಾಯಿ, ಮಗುವನ್ನು ಕರೆದೊಯ್ಯುವಾಗ ಸಂಸ್ಥೆಯ ಮಕ್ಕಳ ಪಾಲನಾ ನಿಧಿಗೆ 50,000, ಆಮೇಲೆ ಎರಡು ವರ್ಷ ಆರಾರು ತಿಂಗಳಿಗೊಮ್ಮೆ ನೋಡಲು ಬರುವವರ ನಾಲ್ಕು ಭೇಟಿಗೆ ತಲಾ 2,000. ಒಟ್ಟು 64,000. ವಿದೇಶಕ್ಕೆ ಹೋಗುವ ಮಗುವಿಗೆ 5,000 ಡಾಲರ್. ಡಾಲರಿಗೆ 85 ಅಂತ ಹಿಡಿದರೂ ನಾಲ್ಕೂಕಾಲು ಲಕ್ಷ. “ಇಷ್ಟು ಫರಕು ಎಲ್ಲೈತೆ? ಕೂತು ಮಾತಾಡಿದ್ರೆ ಎರಡಕ್ಕೆ ಮುಗೀತೈತೆ.” ಟವೆಲ್ ಕೆಳಗೆ ಬೆರಳು ಹಿಡಿದು ದರ ಮುರಿಯುವವರಿಗೆ ಅಚ್ಚಾದ ದರವೆಂದರೆ ಅವಮಾನ. ಕೇಂದ್ರ ದತ್ತು ಪ್ರಾಧಿಕಾರ ‘ಕಾರಾ’ದ ನಿಯಮದಲ್ಲಿ ಚೌಕಾಸಿಯೂ ಇಲ್ಲ, ಅದಕ್ಕಿಂತ ಬೇಸರದ ಸಂಗತಿಯೆಂದರೆ ‘ಖುಷಿಯಿಂದ ಕೊಡೋದೂ’ ಇಲ್ಲ. ನಿಗದಿತ ಶುಲ್ಕದ ಮೇಲೆ ದೇಣಿಗೆ ಕೊಡುವಂತಿಲ್ಲ, ತಗೊಳ್ಳುವಂತಿಲ್ಲ. ಲಕೋಟೆ ಹಿಡಿದು ಬೆಳೆದ ಊರಿಗೆ ರಸೀದಿಯನ್ನಷ್ಟೇ ಕೊಡುವ ಕಚೇರಿ ಕಂಡರೆ ಅನುಮಾನ ಬರುವುದು ಸಹಜ.

ಮಾವನವರು ವಕೀಲರ ಫೀಜಿಗೆಂದು 50,000 ಎತ್ತಿಟ್ಟಿದ್ದರು. ದತ್ತು ಆದೇಶವನ್ನು ಈಗ ಕೋರ್ಟು ಕೊಡುವುದಿಲ್ಲ, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ ಅಂದಾಗ ಅವರ ಮುಖ ಸಪ್ಪಗಾಯಿತು. ವಾಯಿದೆ ಇಲ್ಲದ ಕೆಲಸ ಕೆಲಸವೇ?

ಅಸಲಿ ಹಣ ಹೋಗುವುದು ಅಮೆರಿಕದ ಕಡೆ. ಅಲ್ಲಿನ ಏಜೆನ್ಸಿ ಫೀಜು, ಗೃಹ ಅಧ್ಯಯನ, ದತ್ತಿಗೆ ನಾವು ಅರ್ಹರು ಅಂತ ವಲಸೆ ಇಲಾಖೆಯಿಂದ ಹೇಳಿಸಿಕೊಳ್ಳುವ ಐ-800ಎ ಅರ್ಜಿ (2024ರ ಏಪ್ರಿಲಿನಲ್ಲಿ 920 ಡಾಲರಿಗೆ ಏರಿತು), ಪ್ರತಿ ಕಾಗದಕ್ಕೆ ನೋಟರಿ, ನೋಟರಿ ನಿಜವೆನ್ನಲು ಅಪಾಸ್ಟಿಲ್, ವೀಸಾ, ವಿಮಾನ. ಅಂತರರಾಷ್ಟ್ರೀಯ ದತ್ತಿಗೆ ಅಲ್ಲಿ ಸಾಮಾನ್ಯವಾಗಿ ಹೇಳುವ ಮೊತ್ತ 25,000ದಿಂದ 50,000 ಡಾಲರ್. ಇದರಲ್ಲಿ ಒಂದಷ್ಟು ಬರೀ ಕಾಯುವುದಕ್ಕೇ ಕರಗುತ್ತದೆ. ಗೃಹ ಅಧ್ಯಯನದ ವರದಿ ವಲಸೆ ಇಲಾಖೆಗೆ ಸಲ್ಲಿಸುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಅರ್ಜಿಯ ಜೊತೆ ದಂಪತಿ ಕೊಟ್ಟ ಬೆರಳಚ್ಚಿನ ಅವಧಿ 15 ತಿಂಗಳಿಗೆ ಮುಗಿಯುತ್ತದೆ. ಬೆರಳು ಅದೇ, ಗೆರೆ ಅದೇ, ಆದರೂ ಹಳಸುತ್ತದೆ, ನಮ್ಮ ಬೆಣ್ಣೆಗಿಂತ ತುಸು ನಿಧಾನವಾಗಿ. ಸರದಿಯಲ್ಲಿ ಮಗುವಿನ ವಿವರ ಬರುವುದು ಹದಿನಾರನೇ ತಿಂಗಳಿಗೆ ಜಾರಿತೋ, ಮತ್ತೆ ಅರ್ಜಿ, ಮತ್ತೆ ಹೆಬ್ಬೆಟ್ಟು. ಅದಕ್ಕೇ ತಿಳಿದವರು ಒಟ್ಟು ಲೆಕ್ಕದ ಪಕ್ಕದಲ್ಲಿ ‘ಎರಡನೇ ಸಲ’ ಅಂತ ಇನ್ನೊಂದು ಸಾಲು ಬರೆದುಕೊಂಡಿರುತ್ತಾರೆ.

ಹಣ ಎತ್ತುವುದಕ್ಕೆ ಅಮೆರಿಕದವರಲ್ಲಿ ಒಂದು ಉಪಾಯವಿದೆ. 500 ತುಂಡಿನ ಜಿಗ್ಸಾ ಚಿತ್ರ ತರುವುದು, ತುಂಡಿಗೆ 10 ಡಾಲರಿನಂತೆ ಮಾರುವುದು, ಕೊಂಡವರ ಹೆಸರನ್ನು ತುಂಡಿನ ಹಿಂದೆ ಬರೆದು ಜೋಡಿಸಿ ಮಗುವಿನ ಕೋಣೆಯಲ್ಲಿ ತೂಗುಹಾಕುವುದು. ತುಂಡೆಲ್ಲ ಖರ್ಚಾದರೆ ಸರಿಯಾಗಿ 5,000 ಡಾಲರ್. ನಮ್ಮವರಿಗೆ ಇದು ತಕ್ಷಣ ಅರ್ಥವಾಯಿತು. ಗುಡಿಯ ಫ್ಯಾನಿನ ಮೂರೂ ರೆಕ್ಕೆಗೆ ದಾನಿಗಳ ಹೆಸರು ಬರೆಸಿ, ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಸ್ವಿಚ್ಚು ಆರಿಸುವ ಜನ ನಾವು. ಆದರೆ ಹೆಸರು ಚಿತ್ರದ ಹಿಂದೆ ಅಂದಕೂಡಲೇ ಉತ್ಸಾಹ ಇಳಿಯಿತು. “ಗೋಡೆ ಕಡೆ ಮುಖ ಮಾಡಿರೋ ಹೆಸರಿಗೆ ಯಾರು ಕೊಡ್ತಾರೆ?”

ಬೆಣ್ಣೆ ದೋಸೆ ಸ್ಟಾಲು ಹಾಕೋಣ ಅಂದ ಒಬ್ಬ ಸೋದರಳಿಯ. ದೋಸೆಗೆ 20 ರೂಪಾಯಿ ಉಳಿದರೆ ಇಲ್ಲಿನ ನಾಲ್ಕೂಕಾಲು ಲಕ್ಷದ ಶುಲ್ಕವೊಂದಕ್ಕೇ 21,250 ದೋಸೆ ಹುಯ್ಯಬೇಕು. ಅಷ್ಟರಲ್ಲಿ ಬೆರಳಚ್ಚು ಹಳಸುವುದಿರಲಿ, ಬೆರಳೇ ಸುಟ್ಟಿರುತ್ತದೆ. ಮುಯ್ಯಿ ಬರೆಸೋಣವೆಂದರೆ ಚಿಕ್ಕಮ್ಮ ಪುಸ್ತಕ ಮುಚ್ಚಿದರು: “ಸೀಮಂತ ಇಲ್ಲ, ಬಾಣಂತನ ಇಲ್ಲ, ಯಾವ ಕಾರ್ಯ ಅಂತ ಬರೀಲಿ?” ಅಲ್ಲೂ ‘ಇತರೆ’ಯೇ ಗತಿ.

ಸರಿ, ಯಜಮಾನರು ತಮ್ಮ ಎಫ್‌ಡಿ ಮುರಿಸಿ ಮಗನಿಗೆ ಕಳಿಸಲಿ. ವರ್ಷಕ್ಕೆ 10 ಲಕ್ಷದವರೆಗೆ ತಕರಾರಿಲ್ಲ. 2025ರ ಏಪ್ರಿಲಿನಿಂದ ಇರುವ ನಿಯಮದಂತೆ ಅದರಾಚೆಗಿನ ಮೊತ್ತದ ಮೇಲೆ ಬ್ಯಾಂಕು ಮುಂಗಡ ತೆರಿಗೆ ಹಿಡಿಯುತ್ತದೆ. ಓದಿಗೂ ಚಿಕಿತ್ಸೆಗೂ ಕಡಿಮೆ ದರ. ಉಳಿದದ್ದಕ್ಕೆ ಶೇ. 20. ದತ್ತು ಯಾವ ಗುಂಪಿಗೆ ಸೇರುತ್ತದೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದಾಯ ತೆರಿಗೆ ರಿಟರ್ನ್ಸಿನಲ್ಲಿ ವಾಪಸು ಬರುತ್ತದೆ ನಿಜ, ಆದರೆ ಏಜೆನ್ಸಿಯವರು ರಿಟರ್ನ್ಸ್ ಬರುವ ತನಕ ಕೂತಿರುವುದಿಲ್ಲ. ಕಳಿಸುವುದಿದ್ದರೆ ಮಾರ್ಚಿನಲ್ಲೊಂದಿಷ್ಟು, ಏಪ್ರಿಲಿನಲ್ಲೊಂದಿಷ್ಟು ಅಂತ ಎರಡು ಹಣಕಾಸು ವರ್ಷಕ್ಕೆ ಹಂಚಿ ಕಳಿಸುವುದು ಲೇಸು.

ಅಮೆರಿಕದ ತೆರಿಗೆ ಇಲಾಖೆ ಮಾತ್ರ ಉದಾರಿ. 2025ರ ಲೆಕ್ಕಕ್ಕೆ ಒಂದು ಮಗುವಿಗೆ 17,280 ಡಾಲರಿನವರೆಗೆ ದತ್ತು ರಿಯಾಯಿತಿ ಕೊಡುತ್ತದೆ, 8839ನೇ ನಮೂನೆ ತುಂಬಬೇಕು. ಅದರಲ್ಲಿ 5,000ದವರೆಗೆ ತೆರಿಗೆ ಬಾಕಿ ಇಲ್ಲದಿದ್ದರೂ ಕೈಗೆ ಬರುತ್ತದೆ. ಆದರೆ ಮಗು ವಿದೇಶದ್ದಾದರೆ ದತ್ತು ಪೂರ್ಣಗೊಂಡ ವರ್ಷಕ್ಕೆ ಮುಂಚೆ ಒಂದು ಡಾಲರನ್ನೂ ಕೇಳುವಂತಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡ ಅಂತ ನಮ್ಮಜ್ಜಿ ಬಾಯಲ್ಲಿ ಹೇಳಿದ್ದನ್ನು ಅವರು ಕಾನೂನು ಮಾಡಿ ಕೂತಿದ್ದಾರೆ. ಕುಲಾವಿಯ ಬಟ್ಟೆ, ದಾರ, ದರ್ಜಿಯ ಕೂಲಿ ಎಲ್ಲ ಮೊದಲೇ ಕೈಯಿಂದ ಹೋಗಬೇಕು, ರಸೀದಿ ಜೋಪಾನವಾಗಿಡಬೇಕು.

ಇಷ್ಟು ಹೊತ್ತಿಗೆ ಯಾವ ಸಭೆಯಲ್ಲೂ ಒಬ್ಬ ಮಹಾನುಭಾವ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾನೆ. “ಅಷ್ಟೆಲ್ಲ ಯಾಕ್ರೀ? ನನಗೊಬ್ಬ ಆಯಾ ಗೊತ್ತು. ಎರಡು ಲಕ್ಷ, ಕೈಯಾಗೆ ಕೂಸು.” ವಿಚಿತ್ರ ನೋಡಿ, ದರ, ಅವಧಿ, ಕಂತು ಎಲ್ಲ ಸ್ಪಷ್ಟವಾಗಿರುವ ದತ್ತು ಯೋಜನೆ ಊರಲ್ಲಿ ಇದೊಂದೇ. ಬಾಲನ್ಯಾಯ ಕಾಯ್ದೆಯ 81ನೇ ಕಲಂ ಇದನ್ನು ಮಗುವಿನ ಮಾರಾಟ ಎನ್ನುತ್ತದೆ. ಐದು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ದಂಡ, ಆಸ್ಪತ್ರೆಯವರೇ ಮಾರಿದರೆ ಅವರಿಗೆ ಏಳು ವರ್ಷದವರೆಗೆ. ಜೈಲಿನ ಭಯ ಇಲ್ಲದವರಿಗೆ ವೀಸಾದ ಭಯವಾದರೂ ಇರಲಿ: ಕಾರಾದ ನಿರಾಕ್ಷೇಪಣಾ ಪತ್ರ, ದತ್ತು ಆದೇಶ ಇಲ್ಲದ ಕೂಸು ದಾವಣಗೆರೆಯಿಂದ ಹರಿಹರಕ್ಕೆ ಹೋದೀತು, ಟೆಕ್ಸಾಸಿಗಲ್ಲ.

ಖರ್ಚೇ ಬೇಡ, ತಮ್ಮನ ಮೂರನೇ ಮಗಳನ್ನೇ ಕೊಡ್ತೀವಿ ಅನ್ನುವ ಬಂಧುವೂ ಇರುತ್ತಾನೆ. ಅದಕ್ಕೂ ಕಾರಾ ದಾರಿಯೇ ದಾರಿ. ಹೆತ್ತವರಿಬ್ಬರೂ ಬದುಕಿದ್ದರೆ, ಅವರಿಗೆ ಆ ಮಗುವನ್ನು ಸರಿಯಾಗಿ ಸಾಕುವ ಶಕ್ತಿಯಿಲ್ಲವೆಂದು ಅಮೆರಿಕದವರಿಗೆ ತೋರಿಸಬೇಕು. ತಮ್ಮನ ಮನೆ ಮುಂದೆ ಕಳೆದ ಯುಗಾದಿಗೆ ಕೊಂಡ ಕಾರು ನಿಂತಿದೆ, ಅದರ ಸಾಲಕ್ಕೆ ಚೌಕವೂ ಇತ್ತು.

ಕೊನೆಗೆ ಪ್ರವಾಸ ಸಾಲವೇ ಮಂಜೂರಾಯಿತು. ಮೊನ್ನೆ ಬ್ಯಾಂಕಿನಿಂದ ಫೋನು. ಟಿಕೆಟ್ ಪ್ರತಿ ತಾಳೆ ನೋಡುತ್ತಿದ್ದರಂತೆ.

“ಸಾರ್, ಒಂದು ಆಕ್ಷೇಪಣೆ ಐತೆ. ಬರೋವಾಗ ಎರಡು ಟಿಕೆಟು, ಹೋಗೋವಾಗ ಮೂರು. ಒಂದು ತಲೆ ಹೆಚ್ಚಿಗೆ ಆಗ್ತೈತೆ. ಏನಂತ ಬರ್ಕೊಳ್ಲಿ?”