ಬಲಗೈ ಕೊಟ್ಟದ್ದು ಎಡಗೈಗೆ

ದೂರದ ಬಡವರಿಗೆ ಒಂದಿಷ್ಟು ಕೊಡಿ ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ನಮಗೆ ತಟ್ಟನೆ ನಮ್ಮವರ ನೆನಪಾಗುತ್ತದೆ. ವರ್ಷಗಟ್ಟಲೆ ಮಾತು ಬಿಟ್ಟ ದಾಯಾದಿಯೂ ಆ ಗಳಿಗೆಯಲ್ಲಿ ಒಡಹುಟ್ಟಿದವನಾಗಿಬಿಡುತ್ತಾನೆ. 'ಮನೆಗೆ ಮಾರಿ, ಊರಿಗೆ ಉಪಕಾರಿ ಆಗಬಾರದು ಕಣ್ರೀ' ಅಂತ ಗಾದೆಯೂ ರೆಡಿ. ಅಷ್ಟರಲ್ಲಿ ಅದೇ ದಾಯಾದಿಯ ಫೋನ್. ಸಾಲ ಕೇಳೋಕೇ ಇರಬೇಕು. ಮೆಲ್ಲಗೆ ಮಗುಚಿ ಇಡುತ್ತೇವೆ. ಅದು ಗುಂಯ್ ಗುಂಯ್ ಅನ್ನುತ್ತಾ ಮೇಜಿನ ಅಂಚಿನ ತನಕ ತೆವಳಿ ಸುಮ್ಮನಾಗುತ್ತದೆ. 'ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನಮ್ಮವರು ಮೊದಲು.'

ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲೇ ಕೇಳಿದ್ದರು. ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗುತ್ತಿದ್ದರೆ, ಬಟ್ಟೆ ಕೆಸರಾಗುತ್ತದೆ ಅಂತ ಬಿಟ್ಟು ಹೋಗುತ್ತೀರಾ? ಇಲ್ಲ ತಾನೇ, ಹಾಗಿದ್ದರೆ ದೂರದ ಮಗು ಏನು ತಪ್ಪು ಮಾಡಿತ್ತು? ಉತ್ತರ ಸುಲಭವಿಲ್ಲ, ಒಪ್ಪುತ್ತೇನೆ. ಸ್ವಂತ ಮಗು ಜ್ವರದಲ್ಲಿ ಮಲಗಿರುವಾಗ ಲೋಕದ ಲೆಕ್ಕ ಹಾಕುತ್ತಾ ಕೂರುವ ಅಪ್ಪನನ್ನು ನಾನೂ ನಂಬಲ್ಲ. ಆದರೆ ನಾವು ಬಾಯಲ್ಲಿ ಹೇಳೋದು ಜ್ವರದ ಮಗು, ಮನಸ್ಸಿನಲ್ಲಿರೋದು ಮೂರನೇ ಟಿವಿ!

ನಾವಾದರೂ ಪರವಾಗಿಲ್ಲ, ಸರ್ಕಾರಗಳನ್ನು ನೋಡಿ. ಶ್ರೀಮಂತ ದೇಶಗಳು ತಮ್ಮ ಆದಾಯದ ನೂರರಲ್ಲಿ 0.7 ಪಾಲನ್ನು ಬಡ ದೇಶಗಳಿಗೆ ಕೊಡಬೇಕು ಅಂತ 1970ರಲ್ಲಿ ವಿಶ್ವಸಂಸ್ಥೆ ಗುರಿ ಇಟ್ಟಿತು. ಒಂದು ಪೂರ್ತಿ ಪಾಲೂ ಅಲ್ಲ, ಗಮನಿಸಿ. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿದ ದೇಶಗಳು ಬೆರಳೆಣಿಕೆಯಷ್ಟು. ಇದರಲ್ಲೂ ಒಂದು ಕೈಚಳಕ ಉಂಟು. ತಮ್ಮ ನೆಲಕ್ಕೇ ಬಂದ ನಿರಾಶ್ರಿತರ ಮೊದಲ 12 ತಿಂಗಳ ಖರ್ಚನ್ನೂ 'ವಿದೇಶಿ ನೆರವು' ಅಂತ ಬರೆದುಕೊಳ್ಳಬಹುದು, ನಿಯಮವೇ ಹಾಗಿದೆ. 2022ರಲ್ಲಿ ಬ್ರಿಟನ್ ಕೊಟ್ಟ ನೆರವಿನಲ್ಲಿ ನೂರಕ್ಕೆ ಸುಮಾರು 29 ಪಾಲು ಹೀಗೆ ಬ್ರಿಟನ್ ದಾಟಿ ಹೋಗಲೇ ಇಲ್ಲ. ನಿರಾಶ್ರಿತರನ್ನು ನೋಡಿಕೊಂಡಿದ್ದು ತಪ್ಪಲ್ಲ, ನೋಡಿಕೊಳ್ಳಲೇಬೇಕು. ಅದಕ್ಕೆ ದೂರದ ಬಡವರ ಹುಂಡಿಗೇ ಕೈ ಹಾಕಬೇಕಿತ್ತಾ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ಇಲ್ಲಿ ಬಲಗೈ ಕೊಟ್ಟದ್ದೇ ಎಡಗೈಗೆ, ರಸೀದಿ ಸಮೇತ.

ಅಷ್ಟೂ ಜಾಸ್ತಿಯಾಯಿತು ಅನಿಸಿತೇನೋ. 2021ರಲ್ಲಿ 0.7ನ್ನು 0.5ಕ್ಕೆ ಇಳಿಸಿದ ಬ್ರಿಟನ್, 2027ರ ಹೊತ್ತಿಗೆ ಅದನ್ನೂ 0.3 ಮಾಡುತ್ತೇವೆ ಅಂತ 2025ರಲ್ಲಿ ಹೇಳಿತು. ಉಳಿದ ದುಡ್ಡು ಅಲ್ಲಿನ ಬಡವರಿಗಾ? ಛೆ, ರಕ್ಷಣಾ ಖರ್ಚಿಗೆ. ನಮ್ಮವರು ಅಂದರೆ ಫಿರಂಗಿ ಅಂತ ಮೊದಲೇ ಹೇಳಿದ್ದರೆ, ಸುಮ್ನೆ ಆ ದಾಯಾದಿಯ ಹೆಸರು ಎಳೆದು ತರುವ ಕಷ್ಟ ತಪ್ಪುತ್ತಿತ್ತು ಅಲ್ವಾ?