ಕುರಿ ಕಾಯೋಕೇ ಲಾಯಕ್ಕು

"ನೀನು ಕುರಿ ಕಾಯೋಕೇ ಲಾಯಕ್ಕು."

ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗ ಮೇಷ್ಟ್ರು ನನಗೆ ಹೀಗಂದಿದ್ದರು. ಕ್ಲಾಸೆಲ್ಲ ನಕ್ಕಿತು. ನಮ್ಮಪ್ಪ ಆ ಹೊತ್ತಿಗೆ ಎಲ್ಲೋ ಕುರಿ ಕಾಯುತ್ತಿದ್ದರು. ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿ ನಮ್ಮದು. ಆಮೇಲೆ ಯಾರಾದರೂ ಅಪ್ಪನ ಕೆಲಸ ಕೇಳಿದರೆ "ವ್ಯವಸಾಯ" ಅನ್ನುತ್ತಿದ್ದೆ.

ಈ ವರ್ಷ ಅದೇ ಮಾತನ್ನು ನನ್ನ ತಮ್ಮನ ಮಗ ಕೇಳಿಸಿಕೊಂಡು ಬಂದಿದ್ದಾನೆ. ಒಂಬತ್ತು ವರ್ಷ ಅವನಿಗೆ. ಸಂಕ್ರಾಂತಿ ಆದ ಮೇಲೆ ಅಪ್ಪ ಅಮ್ಮನ ಜೊತೆ ಕುರಿ ಹೊಡೆದುಕೊಂಡು ಹೋದವನು, ಯುಗಾದಿ ಹೊತ್ತಿಗೆ ವಾಪಸ್ ಬಂದಿದ್ದ. ತಮ್ಮ ಫೋನ್ ಮಾಡಿ, "ಅಕ್ಕಾ, ಇವನನ್ನ ಇನ್ನು ಸ್ಕೂಲಿಗೆ ಕಳಿಸಲ್ಲ. ಮನೇಲೇ ಕಲೀಲಿ. ಹತ್ತನೇ ಕ್ಲಾಸು ಓಪನ್ ಸ್ಕೂಲಲ್ಲಿ ಕಟ್ಟಿಸ್ತೀನಿ" ಅಂದ.

ನಾನು ಜಗಳಕ್ಕೇ ನಿಂತೆ. ಹೊರಗಾದಾಗ ಹಟ್ಟಿಯಾಚೆ ಗುಡಿಸಲಿನಲ್ಲಿ ಮಲಗಿದವಳು ನಾನು. ಮಳೆ ಬಂದರೂ ಒಳಗೆ ಕರೆಯುತ್ತಿರಲಿಲ್ಲ. ಓದೋಕೆ ಅಂತ ತುಮಕೂರಿಗೆ ಬಂದು ಹಾಸ್ಟೆಲ್ ಸೇರಿದ ಮೇಲೆ ಮೊದಲ ಸಲ ಆ ದಿನಗಳಲ್ಲೂ ಮಂಚದ ಮೇಲೆ ಮಲಗಿದೆ. ಹಟ್ಟಿಯಲ್ಲಿ ಇರುವುದೆಲ್ಲ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಶಾಲೆ ನನ್ನನ್ನು ಕಾಪಾಡಿದೆ.

ಆದರೆ ಅದೇ ಶಾಲೆ ನನ್ನಿಂದ ಏನು ಕಿತ್ತುಕೊಂಡಿತು ಅಂತ ಯೋಚಿಸಿದಾಗ ಹೊಟ್ಟೆ ಉರಿಯುತ್ತದೆ. ನಮ್ಮಜ್ಜಿ ರಾತ್ರಿ ಇಡೀ ನಮ್ಮ ಗೊಲ್ಲರ ದೇವರು ಜುಂಜಪ್ಪನ ಪದ ಹೇಳುತ್ತಿದ್ದರು. ನನಗೆ ನಾಲ್ಕು ಸಾಲು ಬರುವುದಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಸಾವಿರಾರು ಪದ ಹೇಳುತ್ತಿದ್ದರು. ಹಂಪಿ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಹಟ್ಟಿಗಳಲ್ಲಿ ಈಗಲೂ ಗಣೆ, ಅಂದರೆ ಉದ್ದನೆಯ ಬಿದಿರಿನ ಕೊಳಲು, ಊದುವ ಹಿರಿಯರಿದ್ದಾರೆ. ಒಬ್ಬರನ್ನಾದರೂ ಊರ ಶಾಲೆಗೆ ಕರೆದು ಕೂರಿಸಿದ್ದನ್ನು ನಾನು ನೋಡಿಲ್ಲ.

ಆ ಹುಡುಗನನ್ನೇ ತಗೊಳ್ಳಿ. ಇನ್ನೂರು ಕುರಿಗಳ ನಡುವೆ ಯಾವ ಮರಿ ಯಾವ ತಾಯಿಯದು ಅಂತ ಕತ್ತಲಲ್ಲೂ ಹೇಳುತ್ತಾನೆ. ಕುರಿಯ ತುಟಿ ಊದಿದರೆ ನೀಲಿ ನಾಲಿಗೆ ರೋಗ ಇರಬಹುದು ಅಂತ ಅಪ್ಪನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಗೊಬ್ಬರಕ್ಕೆ ಅಂತ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಒಂದು ರಾತ್ರಿಗೆ ಇಷ್ಟು, ಐದು ರಾತ್ರಿಗೆ ಇಷ್ಟು ಅಂತ ರೈತನ ಮುಂದೆ ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಅದು ಮಗ್ಗಿ ಅಲ್ವಾ?

ಬೇರೆ ಕಡೆಯ ಬುಡಕಟ್ಟು ಜನಕ್ಕೂ ಇದೇ ಸಂಕಟ. ಕೆನಡಾದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಿ, ಅವರ ಭಾಷೆ ಬಿಡಿಸಿದರು. 2008ರಲ್ಲಿ ಅಲ್ಲಿನ ಪ್ರಧಾನಿ ಕ್ಷಮೆ ಕೇಳಬೇಕಾಯಿತು. ನಮ್ಮ ಶಾಲೆಗಳು ಅಷ್ಟು ಕ್ರೂರ ಅಂತ ನಾನು ಹೇಳುತ್ತಿಲ್ಲ. ಆದರೆ ಮಗು ಮನೆಗೆ ವಾಪಸ್ ಬಂದರೂ ನಮ್ಮದಾಗಿ ಉಳಿಯುವುದಿಲ್ಲ ಅನ್ನುವ ಭಯ ಅಲ್ಲಿನ ಅಪ್ಪ ಅಮ್ಮಂದಿರಿಗೂ ಇತ್ತು, ನನ್ನ ತಮ್ಮನಿಗೂ ಇದೆ. ಅಮೆರಿಕ ಕೆನಡಾ ಗಡಿಯ ಅಕ್ವೆಸಾಸ್ನೆಯಲ್ಲಿ ಮೊಹಾಕ್ ಅನ್ನುವ ಮೂಲನಿವಾಸಿ ಜನಾಂಗದ ಪೋಷಕರು 1979ರಲ್ಲಿ ತಾವೇ ಶಾಲೆ ತೆರೆದರು, ಮಕ್ಕಳಿಗೆ ತಮ್ಮ ಭಾಷೆಯಲ್ಲೇ ಕಲಿಸಿದರು. ಅಷ್ಟು ದೂರ ಯಾಕೆ, ನೀಲಗಿರಿಯ ಗೂಡಲೂರಿನಲ್ಲಿ ಆದಿವಾಸಿ ಮಕ್ಕಳಿಗೆ ಅಂತಲೇ ವಿದ್ಯೋದಯ ಶಾಲೆ ಇದೆ.

ಇವರೆಲ್ಲ ಒಂದೊಂದು ಮನೆಯಾಗಿ ಅಲ್ಲ, ಒಂದು ಸಮುದಾಯವಾಗಿ ಇದನ್ನು ಮಾಡಿದ್ದಾರೆ. ತಮ್ಮನ ದಾರಿಯಲ್ಲಿ ನನಗೆ ಹೆದರಿಕೆ ಇರುವುದು ಇಲ್ಲೇ. ಓಪನ್ ಸ್ಕೂಲಿನ ಹತ್ತನೇ ಕ್ಲಾಸಿಗೆ 14 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಹುಡುಗನಿಗೆ ಕಲಿಸುವವರು ಯಾರು? ಇವತ್ತು ಗಂಡು ಮಗನನ್ನು ಮನೆಯಲ್ಲಿ ಓದಿಸುತ್ತೇವೆ ಅಂದರೆ, ನಾಳೆ ಹೆಣ್ಣು ಮಕ್ಕಳನ್ನೂ ಅದೇ ಮಾತು ಹೇಳಿ ಮನೆಯಲ್ಲಿ ಕೂರಿಸುತ್ತಾರೆ. ಅವರಿಗೆ ಓದು ಸಿಗುವುದಿಲ್ಲ. ಮದುವೆ ಮಾಡಿ ಕಳಿಸುತ್ತಾರೆ.

ಹಾಗಾಗಿ ನಾನು ಕೇಳುತ್ತಿರುವುದು ಬೇರೆ. ಶಾಲೆ ಇರಲಿ, ಅದು ಹಟ್ಟಿಯ ವರ್ಷಕ್ಕೆ ಹೊಂದಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ ಪಾಠ ಆಗಬೇಕು ಅನ್ನುತ್ತದೆ. ಶಾಲೆಯ ಇಡೀ ವರ್ಷದ ವೇಳಾಪಟ್ಟಿ ತೀರ್ಮಾನಿಸುವ ಕೆಲಸವನ್ನು 9ನೇ ಸೆಕ್ಷನ್ನಿನಲ್ಲಿ ಸ್ಥಳೀಯ ಸಂಸ್ಥೆಗೇ ಕೊಟ್ಟಿದೆ. ಬೇಸಿಗೆ ರಜೆಯ ಒಂದು ಪಾಲನ್ನು ಕುರಿ ವಲಸೆಯ ಕಾಲಕ್ಕೆ ತಂದು, ಬಿಟ್ಟುಹೋದ ಪಾಠವನ್ನು ಮಂದೆ ವಾಪಸ್ ಬಂದ ಮೇಲೆ ಮಾಡಬಹುದಲ್ಲ? ವಲಸೆ ಮಕ್ಕಳಿಗೆ ಟೆಂಟ್ ಶಾಲೆ ನಡೆಸಿದ ರಾಜ್ಯ ನಮ್ಮದು. ಮಂದೆಯ ಹಿಂದೆ ಹೋಗುವ ಮಕ್ಕಳಿಗೆ ಒಬ್ಬ ಮೇಷ್ಟ್ರನ್ನು ಕಳಿಸುವುದು ಆಗದ ಕೆಲಸ ಅಲ್ಲ.

ನಮ್ಮ ಹಟ್ಟಿಯವರು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಅರ್ಜಿ ಬರೆದಿದ್ದೇವೆ. ಮೊದಲನೆಯದು ವೇಳಾಪಟ್ಟಿ. ಎರಡನೆಯದು, ವಾರಕ್ಕೊಂದು ದಿನ ಗಣೆ ಊದುವ ತಾತ ಶಾಲೆಗೆ ಬಂದು ಕಲಿಸಬೇಕು, ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ. ಹೆಣ್ಣು ಮಕ್ಕಳಿಗೂ ಅನ್ನುವ ಸಾಲಿಗೆ ಹಟ್ಟಿಯಲ್ಲೇ ತಕರಾರು ಬಂತು. ನಾನು ಅದನ್ನು ತೆಗೆಯಲಿಲ್ಲ. ತಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಆಮೇಲೆ ಸಹಿ ಹಾಕಿದ. ಉತ್ತರ ಬರುವವರೆಗೆ ಮಗನನ್ನು ಶಾಲೆ ಬಿಡಿಸುವುದಿಲ್ಲ ಅಂತಲೂ ಹೇಳಿದ್ದಾನೆ.

ನಿಮ್ಮ ಹಟ್ಟಿಯಲ್ಲೋ ಊರಲ್ಲೋ ಯಾರಾದರೂ ಹೀಗೆ ವೇಳಾಪಟ್ಟಿ ಬದಲಾಯಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ. ಅರ್ಜಿಯ ಜೊತೆ ಅದನ್ನೂ ಸೇರಿಸಬೇಕು.